ಮನೆಯವರೊಬ್ಬರು ಜೈಲಿನಲ್ಲಿದ್ದಾಗ ಹೊರಗಿದ್ದವರ ಕೆಲಸ

ಮೊದಲು ಸ್ಟೇಷನರಿ ಅಂಗಡಿಗೆ ಹೋಗಿ ದಾರ ಕಟ್ಟುವ ರಟ್ಟಿನ ಫೈಲು ಒಂದು, ಉದ್ದನೆಯ ನೋಟ್‌ಬುಕ್ ಒಂದು ತನ್ನಿ. ವಕೀಲರ ಫೀಸು, ಜಾಮೀನು, ಮುಲಾಖತ್ತು (ಜೈಲಿಗೆ ಹೋಗಿ ಭೇಟಿಯಾಗುವುದು) ಎಲ್ಲ ಆಮೇಲೆ. ಪೊಲೀಸರು ಒಯ್ದ ಮೊದಲ ವಾರ ಮನೆ ತುಂಬ ಮಂದಿ ಇರುತ್ತಾರೆ, ಒಬ್ಬೊಬ್ಬರದು ಒಂದೊಂದು ಸಲಹೆ. ಹದಿನೈದು ದಿನಕ್ಕೆ ಮಂದಿ ಕರಗಿ, ಉಳಿಯುವುದು ಹೆಂಡತಿಯೋ ತಾಯಿಯೋ ತಮ್ಮನೋ ಒಬ್ಬರೇ. ಆ ಒಬ್ಬರ ಕೈಯಲ್ಲಿ ಕಾಗದ ಸರಿಯಾಗಿದ್ದರೆ ಅರ್ಧ ಓಡಾಟ ಉಳಿಯುತ್ತದೆ. ಇಲ್ಲದಿದ್ದರೆ ಪ್ರತಿ ಕೌಂಟರಿನಲ್ಲೂ "ನಾಳೆ ಬರ್ರಿ" ಕೇಳಿಸಿಕೊಂಡೇ ವರ್ಷ ಕಳೆಯುತ್ತದೆ.

ಫೈಲಿನ ಮೊದಲ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಇಷ್ಟು ಬರೆಯಿರಿ: ಪೊಲೀಸ್ ಠಾಣೆಯ ಹೆಸರು, ಅಪರಾಧ ಸಂಖ್ಯೆ ಮತ್ತು ವರ್ಷ, ಹಾಕಿರುವ ಕಲಂಗಳು, ಬಂಧಿಸಿದ ದಿನ, ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ರಿಮ್ಯಾಂಡ್ ಮಾಡಿದ (ಬಂಧನದಲ್ಲಿಡಲು ಆದೇಶಿಸಿದ) ದಿನ, ಕೋರ್ಟಿನ ಹೆಸರು, ಜೈಲಿನವರು ಕೊಟ್ಟ ಬಂದಿ ಸಂಖ್ಯೆ, ವಕೀಲರ ಫೋನ್ ನಂಬರು. ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಬಿದ್ದ ಕೂಡಲೇ ಅದನ್ನೂ ಸೇರಿಸಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಮುಂದಿನ ತಾರೀಖು ಯಾವಾಗ, ಹಿಂದಿನ ತಾರೀಖಿಗೆ ಏನಾಯಿತು ಎಂಬುದು ಮನೆಯಲ್ಲೇ ಕಾಣುತ್ತದೆ. ವಕೀಲರಿಗೆ ದಿನಾ ಫೋನ್ ಮಾಡಿ ಬೈಸಿಕೊಳ್ಳುವುದು ತಪ್ಪುತ್ತದೆ. ಎಫ್‌ಐಆರ್ ಪ್ರತಿಯನ್ನು ರಾಜ್ಯ ಪೊಲೀಸ್ ವೆಬ್‌ಸೈಟಿನಿಂದ ಇಳಿಸಿಕೊಳ್ಳಬಹುದು. ಸೂಕ್ಷ್ಮ ಪ್ರಕರಣಗಳದ್ದು ಅಲ್ಲಿ ಹಾಕುವುದಿಲ್ಲ, ಅದನ್ನು ವಕೀಲರ ಮೂಲಕ ಕೋರ್ಟಿನಲ್ಲಿ ಕೇಳಬೇಕು.

ಇನ್ನು ಹೆಸರಿನ ಗೊಂದಲ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಎಫ್‌ಐಆರ್‌ನಲ್ಲಿ "ಶರಣಪ್ಪ ತಂದೆ ಮಲ್ಲಪ್ಪ", ಆಧಾರಿನಲ್ಲಿ "ಶರಣಬಸಪ್ಪ", ಪಹಣಿಯಲ್ಲಿ "ಶರಣಪ್ಪ ಮಲ್ಲೇಶಪ್ಪ", ಊರಲ್ಲಿ ಕರೆಯುವುದು "ಶರಣು". ಹೈಸ್ಕೂಲ್ ಟಿಸಿಯಲ್ಲಿ ಮತ್ತೊಂದು. ಜಾಮೀನು ಆದೇಶದಲ್ಲಿ ಒಂದು ಹೆಸರು, ಜೈಲಿನ ರಿಜಿಸ್ಟರಿನಲ್ಲಿ ಇನ್ನೊಂದು ಇದ್ದರೆ ಗೇಟಿನಲ್ಲಿ ಬಿಡುಗಡೆ ನಿಲ್ಲುತ್ತದೆ, ತಿದ್ದುಪಡಿಗೆ ಮತ್ತೆ ಕೋರ್ಟಿಗೆ ಹೋಗಬೇಕು. ಚಾರ್ಜ್‌ಶೀಟ್ ಬರುವ ಮುಂಚೆಯೇ ವಕೀಲರಿಗೆ ಹೇಳಿ, "ಉರ್ಫ್" ಹಾಕಿಸಿ ಎರಡೂ ಹೆಸರು ದಾಖಲೆಗೆ ಬರುವಂತೆ ನೋಡಿಕೊಳ್ಳಿ.

ಯಾವ ಜೈಲು, ಯಾವ ಬಂದಿ

ಕೋರ್ಟು ಇನ್ನೂ ತೀರ್ಪು ಕೊಡದವರು ವಿಚಾರಣಾಧೀನ ಬಂದಿ, ಸಜಾ ಆದವರು ಶಿಕ್ಷಾ ಬಂದಿ. ಇದು ಬರೀ ಹೆಸರಿನ ವ್ಯತ್ಯಾಸವಲ್ಲ. ಪೆರೋಲ್ (ಕೆಲವು ದಿನ ಮನೆಗೆ ಹೋಗಿಬರುವ ಅನುಮತಿ), ಶಿಕ್ಷೆ ಮಾಫಿ, ಬಯಲು ಬಂದೀಖಾನೆ ಇವೆಲ್ಲ ಶಿಕ್ಷಾ ಬಂದಿಗೆ. ಜಾಮೀನು, ತಾರೀಖು, ಸ್ವಂತ ಬಟ್ಟೆ ವಿಚಾರಣಾಧೀನ ಬಂದಿಗೆ. ಬೀದರ್, ಯಾದಗಿರಿಯ ಜಿಲ್ಲಾ ಕಾರಾಗೃಹಗಳಲ್ಲಿ ಹೆಚ್ಚಿನವರು ವಿಚಾರಣಾಧೀನರು. ದೊಡ್ಡ ಶಿಕ್ಷೆ ಆದರೆ ಕಲಬುರಗಿ ಕೇಂದ್ರ ಕಾರಾಗೃಹಕ್ಕೆ ಕಳಿಸುತ್ತಾರೆ. ಜಾಗ ಇಲ್ಲ ಎಂದೋ ಭದ್ರತೆಗೆ ಎಂದೋ ವರ್ಗಾವಣೆ ಮಾಡುವುದೂ ಉಂಟು. ಮುಲಾಖತ್ತಿಗೆ ಹೋದಾಗ "ಇಲ್ಲಿಲ್ಲ" ಎಂದರೆ ಗಾಬರಿ ಬೇಡ, ಯಾವ ಜೈಲಿಗೆ, ಯಾವ ದಿನ ಕಳಿಸಿದರು ಎಂದು ಕೇಳಿ ಬರೆದುಕೊಳ್ಳಿ.

ಬೀದರಿನಿಂದ ಬರುವವರಿಗೆ 2017ರಲ್ಲಿ ತೆರೆದ ಬೀದರ್–ಕಲಬುರಗಿ ರೈಲು ಮಾರ್ಗ ಅನುಕೂಲ. ಹೆಣ್ಣುಮಕ್ಕಳಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇದೆ. ಬಸ್ಸಿಗೂ ಗೇಟಿಗೂ ಒಂದೇ ಆಧಾರ್ ಸಾಕು, ಅದನ್ನು ಮರೆತು ಹೊರಟರೆ ಎರಡೂ ಹೋಯಿತು.

ವಕೀಲರು: ದುಡ್ಡಿಲ್ಲದಿದ್ದರೂ ಸಿಗುತ್ತಾರೆ

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವ ಯಾರಿಗಾದರೂ ಉಚಿತ ವಕೀಲರು ಸಿಗಬೇಕು. ಆದಾಯ ಪ್ರಮಾಣಪತ್ರ ಕೇಳುವಂತಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಸಹಾಯವಾಣಿ 15100. ಜೈಲಿನೊಳಗಿನ ಕಾನೂನು ನೆರವು ಕ್ಲಿನಿಕ್ಕಿನಲ್ಲಿ ಒಳಗಿರುವವರೇ ಅರ್ಜಿ ಕೊಡಬಹುದು. ಹೊರಗಿನಿಂದ ನೀವು ಕೊಡುವುದಾದರೆ ಬಿಳಿ ಹಾಳೆಯಲ್ಲಿ ಇಷ್ಟಿದ್ದರೆ ಸಾಕು:

"ಮಾನ್ಯ ಸದಸ್ಯ ಕಾರ್ಯದರ್ಶಿಗಳು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಯಾದಗಿರಿ ಇವರಿಗೆ. ನನ್ನ ಗಂಡ (ಹೆಸರು, ತಂದೆಯ ಹೆಸರು, ವಯಸ್ಸು, ಊರು) ಇವರು (ಠಾಣೆ) ಅಪರಾಧ ಸಂಖ್ಯೆ (…) ರಲ್ಲಿ (ದಿನಾಂಕ)ದಿಂದ ನ್ಯಾಯಾಂಗ ಬಂಧನದಲ್ಲಿದ್ದು, ಯಾದಗಿರಿ ಜಿಲ್ಲಾ ಕಾರಾಗೃಹದಲ್ಲಿ ಬಂದಿ ಸಂಖ್ಯೆ (…) ಆಗಿರುತ್ತಾರೆ. ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿ ನಮಗಿಲ್ಲ. ಉಚಿತ ವಕೀಲರನ್ನು ನೇಮಿಸಿ, ಜಾಮೀನು ಅರ್ಜಿ ಸಲ್ಲಿಸಿಕೊಡಬೇಕೆಂದು ವಿನಂತಿ."

ಕೆಳಗೆ ಸಹಿ ಇಲ್ಲವೇ ಹೆಬ್ಬೆಟ್ಟು, ಫೋನ್ ನಂಬರು. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಫೈಲಿಗೆ ಸೇರಿಸಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟದ್ದಲ್ಲ ಎಂದೇ ತಿಳಿಯಿರಿ.

ಖಾಸಗಿ ವಕೀಲರನ್ನು ಹಿಡಿದರೆ ಫೀಸು ಯಾವುದಕ್ಕೆ ಎಂದು ಮೊದಲೇ ಬಿಡಿಸಿ ಕೇಳಿ: ಜಾಮೀನು ಅರ್ಜಿಗೋ, ಪೂರ್ತಿ ಕೇಸಿಗೋ, ಹೈಕೋರ್ಟಿಗೂ ಸೇರಿಯೋ. ಜಿಲ್ಲಾ ಕೋರ್ಟಿನಲ್ಲಿ ಜಾಮೀನು ವಜಾ ಆದರೆ ಈಗ ಬೆಂಗಳೂರಿಗೆ ಹೋಗಬೇಕಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಬಂದ ಕಲಬುರಗಿಯ ಹೈಕೋರ್ಟ್ ಪೀಠ 2013ರಿಂದ ಕಾಯಂ. ಅಲ್ಲಿಯೂ ಉಚಿತ ನೆರವಿನ ಸಮಿತಿ ಇದೆ. ವಕಾಲತ್ತಿಗೆ ಒಳಗಿರುವವರ ಸಹಿ ಬೇಕು. ಅದನ್ನು ಜೈಲಿನಲ್ಲಿ ಅಧಿಕಾರಿಯ ಮುಂದೆ ಮಾಡಿಸಿ ದೃಢೀಕರಿಸಿ ಕೊಡುತ್ತಾರೆ. ಮನೆಯಲ್ಲಿ ನೀವೇ ಗೀಚಿ ಕೊಡಬೇಡಿ.

ದಿನ ಎಣಿಸಿ

ನೋಟ್‌ಬುಕ್ ಇರುವುದು ಇದಕ್ಕೆ. ರಿಮ್ಯಾಂಡ್ ಆದ ದಿನವನ್ನು ಒಂದು ಎಂದು ಹಿಡಿದು ಎಣಿಸುತ್ತಾ ಹೋಗಿ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕಬೇಕು. ಹಾಕದಿದ್ದರೆ ಜಾಮೀನು ಹಕ್ಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಂ ಇದನ್ನೇ ಹೇಳುತ್ತದೆ. ಆದರೆ ಅದು ತಾನಾಗಿ ಬರುವುದಿಲ್ಲ. 61ನೇ ಇಲ್ಲವೇ 91ನೇ ದಿನ ಬೆಳಗ್ಗೆ ವಕೀಲರು ಅರ್ಜಿ ಹಾಕಬೇಕು. ಮಧ್ಯಾಹ್ನ ಹಾಕೋಣ ಎನ್ನುವಷ್ಟರಲ್ಲಿ ಚಾರ್ಜ್‌ಶೀಟ್ ಬಂದರೆ ಹಕ್ಕು ಕೈತಪ್ಪುತ್ತದೆ. ಐದು ದಿನ ಮುಂಚೆಯೇ ವಕೀಲರಿಗೆ ನೆನಪಿಸಿ. ಗಾಂಜಾದಂಥ ಮಾದಕ ವಸ್ತುವಿನ ಕೇಸಿನಲ್ಲಿ ಪ್ರಮಾಣ ಹೆಚ್ಚಿದ್ದರೆ ಅವಧಿ 180 ದಿನ.

ಎರಡನೆಯ ಎಣಿಕೆ ದೊಡ್ಡದು. ಅದೇ ಸಂಹಿತೆಯ 479ನೇ ಕಲಂ ಪ್ರಕಾರ, ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ದಿನ ವಿಚಾರಣಾಧೀನನಾಗಿಯೇ ಕಳೆದವರನ್ನು, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವರಾದರೆ ಮೂರನೇ ಒಂದು ಭಾಗ ಕಳೆದವರನ್ನು ಬಿಡಬೇಕು. ಗರಿಷ್ಠ ಏಳು ವರ್ಷದ ಅಪರಾಧ ಎಂದುಕೊಳ್ಳಿ: ಅರ್ಧ ಎಂದರೆ 3 ವರ್ಷ 6 ತಿಂಗಳು, ಮೂರನೇ ಒಂದು ಭಾಗ ಎಂದರೆ 2 ವರ್ಷ 4 ತಿಂಗಳು. ಮರಣದಂಡನೆ ಅಥವಾ ಜೀವಾವಧಿ ಇರುವ ಅಪರಾಧಕ್ಕೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ಅಡ್ಡಿ. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಬರೆಯುವ ಹೊಣೆ ಜೈಲು ಅಧೀಕ್ಷಕರದು. ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮುಂಚಿನ ಕೇಸುಗಳಿಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ಆಗಸ್ಟಿನಲ್ಲಿ ಹೇಳಿದೆ. ಹೊಣೆ ಅವರದಾದರೂ ಲೆಕ್ಕ ನಿಮ್ಮದಿರಲಿ. ದಿನಾಂಕ ಬರೆದು ಪ್ರಾಧಿಕಾರಕ್ಕೂ ಜೈಲಿಗೂ ಒಂದೊಂದು ಅರ್ಜಿ ಕೊಡಿ.

ಜಾಮೀನು ಸಿಕ್ಕ ಮೇಲೆ ಸಿಕ್ಕಿಕೊಳ್ಳುವ ಜಾಗ

"₹50,000 ಬಾಂಡು, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು" ಎಂದು ಆದೇಶವಾದರೆ ಐವತ್ತು ಸಾವಿರ ಕಟ್ಟಬೇಕು ಎಂದು ಅರ್ಥವಲ್ಲ. ಆರೋಪಿ ಓಡಿಹೋದರೆ ಅಷ್ಟಕ್ಕೆ ಹೊಣೆ ಎಂದು ಬರೆದುಕೊಡುವುದು ಅಷ್ಟೇ. ಇದು ಗೊತ್ತಿಲ್ಲದ ಮನೆಯವರಿಂದ ಕೋರ್ಟಿನ ಹೊರಗೆ ಚಹಾದಂಗಡಿ ಹತ್ತಿರ ನಿಂತವರು ನಗದು ಇಸಿದುಕೊಳ್ಳುತ್ತಾರೆ. ಹಾಗೆಯೇ "ಜಾಮೀನುದಾರರನ್ನ ನಾವೇ ಕೊಡ್ತೀವ್ರಿ" ಎನ್ನುವವರೂ ಇದ್ದಾರೆ. ಒಂದೇ ಪಹಣಿಯನ್ನು ಹತ್ತು ಕೇಸಿಗೆ ತೋರಿಸುವವರು, ಸುಳ್ಳು ಪಹಣಿ ತರುವವರು. ಜಾಮೀನುದಾರ ತಾನು ಎಷ್ಟು ಜನರಿಗೆ ನಿಂತಿದ್ದೇನೆ ಎಂದು ಕೋರ್ಟಿಗೆ ಬರೆದುಕೊಡಲೇಬೇಕು. ಸುಳ್ಳು ಹೊರಬಿದ್ದರೆ ಹೊಸ ಕೇಸು, ಜಾಮೀನೂ ರದ್ದು.

ಸ್ವಂತದವರೇ ಬರಲಿ. ತರಬೇಕಾದದ್ದು: ಅವರ ಹೆಸರಿನ ಇತ್ತೀಚಿನ ಪಹಣಿ, ಆಧಾರ್ ಮೂಲ ಮತ್ತು ನಕಲು, ಎರಡು ಫೋಟೊ. ಪಟ್ಟಣದ ಮನೆಯಾದರೆ ಖಾತಾ ಮತ್ತು ತೆರಿಗೆ ಕಟ್ಟಿದ ರಸೀದಿ, ನೌಕರರಾದರೆ ಸಂಬಳದ ಚೀಟಿ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವುದು ನಮ್ಮಲ್ಲಿ ಸಾಮಾನ್ಯ. ಅದು ನಡೆಯುವುದಿಲ್ಲ. ಹಾಗಾಗಿ ಜಾಮೀನು ಅರ್ಜಿ ಹಾಕಿದ ದಿನವೇ ಯಾರು ನಿಲ್ಲುತ್ತಾರೆ ಎಂದು ಗೊತ್ತುಮಾಡಿ, ಕಾಗದ ನೋಡಿಡಿ.

ಜಾಮೀನುದಾರರು ಸಿಗಲಿಲ್ಲ, ಒಳಗಿರುವವರು ಅಲ್ಲೇ ಉಳಿದರು. ಆಗ ಏನು? 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶದಂತೆ, ಜಾಮೀನು ಸಿಕ್ಕ ಏಳು ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರರು ಬರದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟು ತಾನೇ ಪರಿಶೀಲಿಸಬಹುದು. ಬಡ ಬಂದಿಗಳಿಗಾಗಿ 2023ರಲ್ಲಿ ಕೇಂದ್ರ ತಂದ ಯೋಜನೆಯ ಮಾರ್ಗಸೂಚಿಯಲ್ಲಿ ಜಾಮೀನಿಗೆ ₹40,000ದವರೆಗೆ, ಸಜಾ ಆದವರ ದಂಡಕ್ಕೆ ₹25,000ದವರೆಗೆ ಇಟ್ಟಿದ್ದರು. ಜಿಲ್ಲಾಧಿಕಾರಿಗಳ ಸಮಿತಿ ಒಪ್ಪಿದರೆ ಹಣ ನೇರ ಕೋರ್ಟಿಗೆ ಹೋಗುತ್ತದೆ. ಮಾದಕ ವಸ್ತು, ಭ್ರಷ್ಟಾಚಾರ, ಹಣ ಅಕ್ರಮ ವರ್ಗಾವಣೆ, ಯುಎಪಿಎ (ಭಯೋತ್ಪಾದನೆ ತಡೆಯ ಕಾಯ್ದೆ) ಕೇಸುಗಳಿಗೆ ಇದು ಸಿಗದು.

ಬಿಡುಗಡೆ ಆದೇಶ ಸಂಜೆ ಬಂದಿಗಳನ್ನು ಎಣಿಸಿ ಬ್ಯಾರಕ್ ಮುಚ್ಚಿದ ಮೇಲೆ ತಲುಪಿದರೆ ಆ ರಾತ್ರಿ ಬಿಡುವುದು ಕಷ್ಟ. ಮತ್ತೊಂದು ಠಾಣೆಯ ಬಾಡಿ ವಾರಂಟ್ (ಬೇರೆ ಕೇಸಿಗೆ ಜೈಲಿನಿಂದ ಹಾಜರುಪಡಿಸುವ ಆದೇಶ) ಬಾಕಿ ಇದ್ದರಂತೂ ಗೇಟಿನಿಂದಲೇ ಮತ್ತೆ ಒಯ್ಯುತ್ತಾರೆ. ಬೇರೆ ಕೇಸು ಇದೆಯೇ ಎಂದು ಒಳಗಿರುವವರನ್ನೇ ಮೊದಲು ನೇರ ಕೇಳಿ, ಮುಚ್ಚಿಟ್ಟರೆ ನಷ್ಟ ಅವರಿಗೇ.

ಮುಲಾಖತ್ತು

ಇ-ಪ್ರಿಸನ್ಸ್ ವೆಬ್‌ಸೈಟಿನ ಇ-ಮುಲಾಖತ್ ಪುಟದಲ್ಲಿ ಮೊದಲೇ ಹೆಸರು ನೋಂದಾಯಿಸಬಹುದು. ಬರುವವರ ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ, ಗುರುತಿನ ಚೀಟಿ, ಬಂದಿಯ ಹೆಸರು, ಜೈಲು, ದಿನ ತುಂಬಿ, ಮೊಬೈಲಿಗೆ ಬಂದ ಒಟಿಪಿ ಹಾಕಿದರೆ ನೋಂದಣಿ ಸಂಖ್ಯೆ ಬರುತ್ತದೆ. ನೋಂದಣಿ ಎಂದರೆ ಒಪ್ಪಿಗೆಯಲ್ಲ. ಒಪ್ಪಿಗೆ ಬಂದ ಮೇಲೆಯೇ ಬಸ್ಸು ಹತ್ತಿ. ಅಲ್ಲೇ ವಿಡಿಯೊ ಭೇಟಿ ಆಯ್ಕೆಯೂ ಇದೆ, ದೂರದ ತಾಂಡಾದಲ್ಲಿರುವ ಮುದುಕರಿಗೆ ಅದೇ ಮೇಲು. ವಾರಕ್ಕೆ ಎಷ್ಟು ಬಾರಿ, ಎಷ್ಟು ಜನ, ಯಾವ ದಿನ ರಜೆ ಎಂಬುದು ಗೇಟಿನ ಫಲಕದಲ್ಲಿರುತ್ತದೆ. ಫೋಟೊ ತೆಗೆಯುವಂತಿಲ್ಲ, ಬರೆದುಕೊಳ್ಳಿ.

ಬೆಳಗ್ಗೆ ಬೇಗ ಹೋಗಿ. ಏಪ್ರಿಲ್, ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಕೂಸು ಎತ್ತಿಕೊಂಡು ಮಧ್ಯಾಹ್ನದ ಸರದಿ ಕಾಯುವುದು ಯಾರಿಗೂ ಬೇಡ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದವರು ಗೇಟಿನಲ್ಲೇ ಕಣ್ಣೀರು ಹಾಕುವುದು ನಿತ್ಯದ ನೋಟ. ಬೇಯಿಸಿದ ಅಡುಗೆ ಒಳಗೆ ಬಿಡುವುದಿಲ್ಲ. ಮನೆ ಊಟಕ್ಕೆ ಪ್ರತ್ಯೇಕ ಅನುಮತಿ ಬೇಕು, ಅದು ಸುಲಭಕ್ಕೆ ಸಿಗುವುದೂ ಇಲ್ಲ. ಒಯ್ಯಬಹುದಾದದ್ದು ಸಾದಾ ಬಟ್ಟೆ, ಒಳಉಡುಪು, ಟವೆಲ್, ಚಳಿಗಾಲದಲ್ಲಿ ಸ್ವೆಟರ್. ಬೀದರಿನ ಡಿಸೆಂಬರ್ ಚಳಿಗೆ ಅದು ಬೇಕೇ ಬೇಕು. ಲಾಡಿ, ಬೆಲ್ಟು, ದಪ್ಪ ಅಂಚು ಹೊಲಿದದ್ದು ಬೇಡ. ಅಂಚು ಬಿಚ್ಚಿ ನೋಡುತ್ತಾರೆ, ಯಾಕೆಂದರೆ ಗಾಂಜಾ, ಗುಟ್ಕಾ, ಸಿಮ್ ಬರುವುದೇ ಅಲ್ಲಿ. ಸರದಿಯಲ್ಲಿ ನಿಂತಾಗ "ಅಕ್ಕಾ, ಈ ಚೀಲ ನಮ್ಮ ಹುಡುಗಗ ಕೊಟ್ಟುಬಿಡ್ರಿ" ಎಂದು ಯಾರೇ ಕೇಳಲಿ, ಮುಟ್ಟಬೇಡಿ.

ಸಿಗುವುದು ಕೆಲವೇ ನಿಮಿಷ. ಜಾಲರಿಯ ಆಚೆ ಈಚೆ ಹತ್ತಾರು ಮಂದಿ ಒಟ್ಟಿಗೆ ಕೂಗಾಡುತ್ತಿರುತ್ತಾರೆ. ಮನೆಯಲ್ಲೇ ಚೀಟಿಯಲ್ಲಿ ಮೂರೇ ವಿಷಯ ಬರೆದು ಒಯ್ಯಿರಿ: ಕೇಸು, ಆರೋಗ್ಯ, ಮನೆ. "ತಾರೀಖು 14ಕ್ಕೆ. ಗುಳಿಗಿ ಸಿಗತಾವ? ತೊಗರಿ ರಾಶಿ ಆತು, ಎಂಟು ಚೀಲ." ಅಳುವುದು ಬಂದರೆ ಅಳಿ, ಆದರೆ ಕೇಸಿನ ಮಾತು ಮೊದಲು ಮುಗಿಸಿ. ಅಪರಾಧ ಹೇಗಾಯಿತು, ಯಾರಿದ್ದರು ಎಂಬ ಚರ್ಚೆ ಅಲ್ಲಿ ಬೇಡ, ಫೋನಿನಲ್ಲಂತೂ ಬೇಡವೇ ಬೇಡ. ಕೊನೆಗೆ ಮುಂದಿನ ಭೇಟಿಯ ದಿನ ಹೇಳಿ ಬನ್ನಿ. ಹೇಳಿದ ದಿನಕ್ಕೆ ಹೋಗಲು ಆಗದಿದ್ದರೆ ಒಂದು ಇನ್‌ಲ್ಯಾಂಡ್ ಪತ್ರವಾದರೂ ಹಾಕಿ. ತಿಂಗಳಿಗೊಮ್ಮೆ ಬಂದರೂ ಹೇಳಿದ ದಿನಕ್ಕೆ ಬರುವವರು, ವಾರಕ್ಕೆ ಮೂರು ಸಲ ಬಂದು ಆಮೇಲೆ ಆರು ತಿಂಗಳು ಕಾಣೆಯಾಗುವವರಿಗಿಂತ ಹೆಚ್ಚು ಉಪಕಾರ ಮಾಡುತ್ತಾರೆ. ಪತ್ರ ಓದಿಯೇ ಒಳಗೆ ಕೊಡುತ್ತಾರೆ ಎಂಬುದು ನೆನಪಿರಲಿ.

ಜೈಲಿನ ಫೋನಿನಿಂದ ಮಾತಾಡಲು ನಿಮ್ಮ ನಂಬರು ಮೊದಲೇ ನೋಂದಣಿಯಾಗಿರಬೇಕು. ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಗುರುತಿನ ಚೀಟಿ ಕೊಡಿ. ಆಮೇಲೆ ಸಿಮ್ ಬದಲಿಸಿದರೆ ಕರೆ ನಿಲ್ಲುತ್ತದೆ. ಕ್ಯಾಂಟೀನಿನ ಖರ್ಚಿಗೆ ದುಡ್ಡನ್ನು ಬಂದಿಯ ಹೆಸರಿನ ಖಾತೆಗೆ ಕೌಂಟರಿನಲ್ಲೇ ಕಟ್ಟಿ, ರಸೀದಿ ತೆಗೆದುಕೊಳ್ಳಿ. "ಒಳಗ ನಿಮ್ಮ ಹುಡುಗಗ ಹೊಡಿಲಾಕತ್ಯಾರ, ಫೋನ್‌ಪೇ ಮಾಡ್ರಿ" ಎಂಬ ಕರೆ ಬಂದರೆ ಕೊಡಬೇಡಿ. ನಂಬರು, ಹೊತ್ತು ಬರೆದಿಟ್ಟುಕೊಂಡು ಅಧೀಕ್ಷಕರಿಗೆ ಲಿಖಿತ ದೂರು ಕೊಡಿ. ಕೊಟ್ಟುಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒಮ್ಮೆ ಕೊಟ್ಟವರಿಗೆ ಎರಡನೇ ಕರೆ ಬಂದೇ ಬರುತ್ತದೆ.

ಆರೋಗ್ಯ: ಮೊದಲ ಮೂರು ದಿನ

ಕುಡಿತದ ಚಟ ಇದ್ದವರ ಮನೆಯವರು ಇದನ್ನು ಮುಚ್ಚಿಡಬಾರದು. ದಿನಾ ಕುಡಿಯುತ್ತಿದ್ದವರಿಗೆ ನಿಂತ ಕೆಲವೇ ಗಂಟೆಗಳಲ್ಲಿ ಕೈನಡುಕ, ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದಲ್ಲಿ ಬಡಬಡಿಕೆ, ಇಲ್ಲದ್ದು ಕಾಣುವುದು ಶುರುವಾಗಬಹುದು. ಪ್ರಾಣಕ್ಕೆ ಅಪಾಯವಾಗುವ ಹಂತ ಅದು. ತೆಲಂಗಾಣ ಗಡಿಯ ಕಡೆ ಸಿಎಚ್ ಪೌಡರ್ ಎಂಬ ಅಮಲಿನ ಪುಡಿ, ನಿದ್ದೆ ಗುಳಿಗೆ ಬೆರೆಸಿದ ಸೇಂದಿ ಕುಡಿದು ರೂಢಿಯಾದವರದೂ ಇದೇ ಕಥೆ. ಒಳಗೆ ಇದನ್ನು ಹುಚ್ಚು, ನಾಟಕ ಎಂದು ತಿಳಿಯುವ ಸಾಧ್ಯತೆ ಇದೆ. ಬಂಧನದ ದಿನವೇ ರಿಮ್ಯಾಂಡ್ ಹೊತ್ತಿಗೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟರಿಗೆ ತಿಳಿಸಿ, ಜೈಲು ವೈದ್ಯರಿಗೆ ಚೀಟಿ ಕೊಡಿ: ಏನು ಕುಡಿಯುತ್ತಿದ್ದರು, ದಿನಕ್ಕೆ ಎಷ್ಟು, ಕೊನೆಗೆ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ.

ಬಿಪಿ, ಸಕ್ಕರೆ, ಟಿಬಿ, ಮೂರ್ಛೆ, ಮನೋರೋಗದ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಬಿಡಿ ಗುಳಿಗೆ ಒಯ್ಯಬೇಡಿ. ವೈದ್ಯರ ಚೀಟಿಯ ನಕಲು, ಗುಳಿಗೆಯ ಸೀಲು ಒಡೆಯದ ಪಟ್ಟಿ ಮತ್ತು ಬಿಲ್ಲು ಜೈಲು ವೈದ್ಯರಿಗೇ ತಲುಪಲಿ. ದೊಡ್ಡ ತೊಂದರೆಯಾದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳಿಸಬೇಕಾಗುತ್ತದೆ. ಬೆಂಗಾವಲು ಪೊಲೀಸರಿಲ್ಲ ಎಂದು ಆಸ್ಪತ್ರೆಯ ದಿನ ತಪ್ಪುವುದು ಮೇಲಿಂದ ಮೇಲೆ ಆಗುತ್ತದೆ. ಎರಡು ಸಲ ತಪ್ಪಿದರೆ ವಕೀಲರಿಂದ ಕೋರ್ಟಿಗೆ ಅರ್ಜಿ ಹಾಕಿಸಿ, ಆದೇಶ ಇದ್ದರೆ ಬೆಂಗಾವಲು ಸಿಗುತ್ತದೆ. ಮನಸ್ಸು ಕುಸಿದ ಮನೆಯವರಿಗೇ ಆಸರೆ ಬೇಕಾದರೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಸಜಾ ಆದ ಮೇಲೆ

ತೀರ್ಪಿನ ದಿನ ಎಲ್ಲರೂ ಕುಸಿದು ಕೂರುತ್ತಾರೆ. ಆದರೂ ಆ ವಾರದಲ್ಲೇ ಎರಡು ಕೆಲಸ ಆಗಬೇಕು. ತೀರ್ಪಿನ ಪ್ರತಿ ಉಚಿತ, ಅದನ್ನು ಪಡೆಯಿರಿ. ಸೆಷನ್ಸ್ ಕೋರ್ಟಿನ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿಗೆ 60 ದಿನ, ಮ್ಯಾಜಿಸ್ಟ್ರೇಟ್ ಕೋರ್ಟಿನ ಶಿಕ್ಷೆಯ ವಿರುದ್ಧ ಸೆಷನ್ಸ್‌ಗೆ 30 ದಿನ. ವಕೀಲರಿಲ್ಲದಿದ್ದರೆ ಒಳಗಿರುವವರೇ ಅಧೀಕ್ಷಕರ ಮೂಲಕ ಮೇಲ್ಮನವಿ ಕಳಿಸಬಹುದು.

ಎರಡನೆಯದು ಶಿಕ್ಷೆಯ ವಾರಂಟಿನ ಲೆಕ್ಕ. ವಿಚಾರಣೆಯಲ್ಲಿ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯಬೇಕು. ಏಳು ವರ್ಷ ಶಿಕ್ಷೆ, 1 ವರ್ಷ 4 ತಿಂಗಳು ಆಗಲೇ ಒಳಗಿದ್ದರೆ ಉಳಿದದ್ದು 5 ವರ್ಷ 8 ತಿಂಗಳು. ಮಧ್ಯೆ ಜಾಮೀನಿನ ಮೇಲೆ ಹೊರಗಿದ್ದ ದಿನ ಲೆಕ್ಕಕ್ಕಿಲ್ಲ. ಎರಡು ಕಲಂಗೆ ಎರಡು ಶಿಕ್ಷೆ ಇದ್ದರೆ "ಏಕಕಾಲಕ್ಕೆ" ಎಂದಿದೆಯೋ ಒಂದಾದ ಮೇಲೊಂದೋ ನೋಡಿ. "ದಂಡ ₹10,000, ತಪ್ಪಿದರೆ ಆರು ತಿಂಗಳು" ಎಂದಿದ್ದರೆ ಆ ಹಣ ಕೂಡಿಸಿ ಕಟ್ಟಿ. ಆರು ತಿಂಗಳನ್ನು ಅದಕ್ಕಿಂತ ಅಗ್ಗಕ್ಕೆ ಯಾರೂ ಕೊಡುವುದಿಲ್ಲ.

ಕಠಿಣ ಶಿಕ್ಷೆ ಎಂದರೆ ಕೆಲಸ ಕಡ್ಡಾಯ, ಸಾದಾ ಶಿಕ್ಷೆಯವರು ಇಷ್ಟವಿದ್ದರೆ ಮಾಡಬಹುದು. ಕೇಂದ್ರ ಕಾರಾಗೃಹಗಳಲ್ಲಿ ನೇಯ್ಗೆ, ಹೊಲಿಗೆ, ಬಡಗಿತನದಂಥ ವಿಭಾಗಗಳಿರುತ್ತವೆ. 2023ರ ಪರಿಷ್ಕರಣೆಯಲ್ಲಿ ಕರ್ನಾಟಕದ ಕುಶಲ ಬಂದಿಯ ದಿನಗೂಲಿ ₹600 ದಾಟಿತು. ಹೊರಗಿನ ಎಷ್ಟೋ ಕೂಲಿಗಿಂತ ಅದು ಹೆಚ್ಚು, ಮನೆಗೆ ಕಳಿಸಲೂ ಬರುತ್ತದೆ. ಆದ್ದರಿಂದ ಮುಲಾಖತ್ತಿನಲ್ಲಿ "ಯಾವ ಸೆಕ್ಷನ್‌ನಾಗ ಹಾಕ್ಯಾರ?" ಎಂದು ಕೇಳುವುದು ಊಟ ಆಯಿತಾ ಎಂದಷ್ಟೇ ಮುಖ್ಯ. ಒಳಗಿರುವವರಿಗೆ ಕೈಕೆಲಸ ಗೊತ್ತಿದ್ದರೆ, ಐಟಿಐ ಪ್ರಮಾಣಪತ್ರ, ಡ್ರೈವಿಂಗ್ ಲೈಸೆನ್ಸ್ ಇದ್ದರೆ ನಕಲು ಕೊಡಿ, ಸರಿಯಾದ ವಿಭಾಗಕ್ಕೆ ಹಾಕಲು ಕೇಳಿಕೊಳ್ಳಬಹುದು.

ಓದಿನ ವಿಷಯದಲ್ಲಿ ಮನೆಯವರ ಪಾಲು ದೊಡ್ಡದು. ಅಕ್ಷರ ಬಾರದವರಿಗೆ ಒಳಗೆ ಸಾಕ್ಷರತಾ ತರಗತಿ ನಡೆಯುತ್ತದೆ. ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಬಂದಿಗಳಿಗೆ ಶುಲ್ಕವಿಲ್ಲದೆ ಕಲಿಸುತ್ತದೆ, ಪ್ರವೇಶ ಜನವರಿ ಮತ್ತು ಜುಲೈಗೆ. ಒಳಗೆ ಎಷ್ಟೇ ಆಸಕ್ತಿ ಇದ್ದರೂ ಅರ್ಜಿ ನಿಲ್ಲುವುದು ಒಂದೇ ಕಾರಣಕ್ಕೆ: ಹತ್ತನೇ ತರಗತಿಯ ಅಂಕಪಟ್ಟಿ, ಟಿಸಿ ಊರಿನ ಶಾಲೆಯಲ್ಲೋ ಟ್ರಂಕಿನಲ್ಲೋ ಉಳಿದಿರುತ್ತದೆ. ಶಾಲೆಗೆ ಹೋಗಿ ನಕಲು ತರುವುದು ನೀವಲ್ಲದೆ ಬೇರೆ ಯಾರೂ ಮಾಡಲಾರರು. ಮೂರು ತಿಂಗಳು ಮುಂಚೆ ಹೊರಡಿ.

ಕೆಲಸ, ಓದು, ನಡತೆ ಎಲ್ಲ ಸೇರಿ ಶಿಕ್ಷೆಯಲ್ಲಿ ಮಾಫಿ ಬರುತ್ತದೆ. ಒಂದು ಮೊಬೈಲ್ ಸಿಕ್ಕರೆ ಗಳಿಸಿದ ಮಾಫಿ, ಮುಲಾಖತ್ತು, ಪೆರೋಲ್ ಮೂರಕ್ಕೂ ಪೆಟ್ಟು, ಮೇಲೆ ಹೊಸ ಕೇಸು. "ಒಂದ್ ಸಣ್ಣ ಫೋನ್ ಕಳಿಸು" ಎಂದು ಅವರೇ ಕೇಳಿದರೂ ಇಲ್ಲ ಎನ್ನಿ. ಜೀವಾವಧಿ ಎಂದರೆ 14 ವರ್ಷಕ್ಕೆ ತಾನೇ ಬಿಡುತ್ತಾರೆ ಎಂಬುದು ತಪ್ಪು. ಕೊಲೆಯಂಥ ಅಪರಾಧಕ್ಕೆ 14 ವರ್ಷಕ್ಕೆ ಮುಂಚೆ ಪರಿಗಣಿಸುವಂತಿಲ್ಲ ಎಂದಷ್ಟೇ ಕಾನೂನು. ಆಮೇಲೆ ಸಮಿತಿ, ಸರ್ಕಾರ ಒಪ್ಪಬೇಕು.

ಪೆರೋಲ್ ಅರ್ಜಿಯನ್ನು ಒಳಗಿರುವವರು ಅಧೀಕ್ಷಕರಿಗೆ ಕೊಡುತ್ತಾರೆ, ಅದು ಊರಿನ ಪೊಲೀಸರ ವರದಿಗೆ ಬರುತ್ತದೆ. ಠಾಣೆಯವರು ಓಣಿಯವರನ್ನೂ ದೂರುದಾರರನ್ನೂ ಕೇಳುತ್ತಾರೆ. "ಊರಾಗ ಶಾಂತಿ ಕೆಡ್ತದ" ಎಂದು ಬರೆದರೆ ಅರ್ಜಿ ಬಿದ್ದಂತೆ. ದೂರುದಾರರು ಅದೇ ಓಣಿಯವರಾದರೆ ಬೇರೆ ಊರಿನ ಅಕ್ಕನ ಮನೆ ವಿಳಾಸ ಕೊಡುವುದು ಜಾಣತನ. ಅವರ ಒಪ್ಪಿಗೆ ಪತ್ರವನ್ನೂ ಜೋಡಿಸಿ. ಕಾರಣಕ್ಕೆ ಪುರಾವೆ ಇರಲಿ: ಮಗಳ ಮದುವೆಗೆ ಲಗ್ನಪತ್ರಿಕೆ, ಬಿದ್ದ ಮನೆಗೆ ಪಂಚಾಯತಿ ಪತ್ರ ಮತ್ತು ಫೋಟೊ, ತಾಯಿಯ ಕಾಯಿಲೆಗೆ ಆಸ್ಪತ್ರೆ ಚೀಟಿ. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜರ ಉರುಸಿಗೆಂದು ಬರೆದರೆ ನಡೆಯುವುದಿಲ್ಲ. ವಜಾ ಆದರೆ ಲಿಖಿತ ಆದೇಶ ಪಡೆದು ಕಲಬುರಗಿ ಪೀಠದಲ್ಲಿ ರಿಟ್ ಹಾಕಬಹುದು. ಹೇಳಿದ ದಿನ ಸಂಜೆಯೊಳಗೆ ವಾಪಸು ಬಿಟ್ಟುಬರುವುದು ಮನೆಯವರ ಹೊಣೆ. ಒಂದು ದಿನ ತಡವಾದರೂ ಮುಂದಿನ ಪೆರೋಲ್ ಮರೆತುಬಿಡಿ.

ವಿಚಾರಣಾಧೀನರಿಗೆ ಪೆರೋಲ್ ಇಲ್ಲ, ಇದರಲ್ಲೇ ಬಹಳ ಮಂದಿ ಎಡವುತ್ತಾರೆ. ತಂದೆ ತೀರಿಕೊಂಡರೆಂದು ಜೈಲಿನ ಗೇಟಿಗೆ ಓಡಿದರೆ ಅಲ್ಲಿ ಏನೂ ಆಗದು, ಕೋರ್ಟಿಗೆ ಓಡಬೇಕು. ಮಧ್ಯಂತರ ಜಾಮೀನು ಇಲ್ಲವೇ ಪೊಲೀಸ್ ಬೆಂಗಾವಲಿನಲ್ಲಿ ಹೋಗಿಬರಲು ಅನುಮತಿ ಎಂದು ಅರ್ಜಿ. ಮಣ್ಣು ಅದೇ ದಿನ ಆಗಿಬಿಡುವುದರಿಂದ ಆದೇಶ ತಲುಪದೇ ಹೋಗಬಹುದು. ಹಾಗಾಗಿ ಅರ್ಜಿಯಲ್ಲೇ ಮೂರನೇ ದಿನದ, ಹನ್ನೊಂದನೇ ದಿನದ ಕಾರ್ಯ ಅಥವಾ ಜಿಯಾರತ್ತಿನ ದಿನಾಂಕವನ್ನೂ ಸೇರಿಸಿ ಕೇಳಿ.

ಮನೆ, ಹೊಲ, ಮಕ್ಕಳು

ಹೊಲ ಅವರ ಹೆಸರಿನಲ್ಲಿದ್ದರೆ ಬೆಳೆ ಸಾಲ, ಬೆಳೆ ವಿಮೆ, ತೊಗರಿ ಮಾರಾಟದ ನೋಂದಣಿ ಎಲ್ಲ ನಿಲ್ಲುತ್ತದೆ. ಹೆಂಡತಿಗೋ ಅಣ್ಣನಿಗೋ ಅಧಿಕಾರ ಪತ್ರ ಮಾಡಿಸಿ. ಜೈಲಿನಲ್ಲಿರುವವರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಖುದ್ದು ಬರಬೇಕಿಲ್ಲ ಎಂದು ನೋಂದಣಿ ಕಾಯ್ದೆಯಲ್ಲೇ ಇದೆ. ಅಧಿಕಾರಿ ಜೈಲಿಗೇ ಹೋಗಬಹುದು, ಇಲ್ಲವೇ ಕಮಿಷನ್ ಕಳಿಸಬಹುದು. ಅಧಿಕಾರ ಪತ್ರದಲ್ಲಿ "ಸಾಲ, ವಿಮೆ, ಮಾರಾಟದ ಹಣ" ಎಂದಷ್ಟೇ ಬರೆಯಿಸಿ. ಹೊಲ ಮಾರುವ ಅಧಿಕಾರ ಸೇರಿಸಿದ ಕಡೆ ಅಣ್ಣತಮ್ಮಂದಿರ ಜಗಳ ಹುಟ್ಟದೇ ಇರದು.

ಮಕ್ಕಳಿಗೆ "ಅಪ್ಪ ಮುಂಬೈಗೆ ದುಡಿಲಾಕ ಹೋಗ್ಯಾನ" ಎಂದು ಹೇಳುವುದು ರೂಢಿ. ಶಾಲೆಯಲ್ಲಿ ಮತ್ತೊಬ್ಬ ಹುಡುಗ ನಿಜ ಹೇಳುವ ಮುಂಚೆ ನೀವೇ ಹೇಳುವುದು ಒಳ್ಳೆಯದು, ವಯಸ್ಸಿಗೆ ತಕ್ಕಷ್ಟು. ಓದು ನಿಲ್ಲುವ ಸ್ಥಿತಿ ಬಂದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಸಮಿತಿ ಒಪ್ಪಿದ ಮಗುವಿಗೆ ತಿಂಗಳಿಗೆ ₹4,000 ಬರುತ್ತದೆ. ಮಕ್ಕಳ ಸಹಾಯವಾಣಿ 1098. ತಾಯಿಯೇ ಒಳಗಿದ್ದರೆ ಆರು ವರ್ಷದವರೆಗಿನ ಕೂಸು ಅವಳ ಜೊತೆ ಇರಬಹುದು. ಆರು ತುಂಬುವ ಆರು ತಿಂಗಳ ಮುಂಚೆಯೇ ಯಾರ ಮನೆಗೆ ಎಂದು ಗೊತ್ತುಮಾಡಿ, ಆ ಮನೆಯವರೇ ಮುಲಾಖತ್ತಿಗೆ ಬಂದು ಕೂಸಿಗೆ ಮುಖ ಪರಿಚಯ ಮಾಡಿಕೊಳ್ಳಲಿ.

ಹೊರಬರುವ ತಿಂಗಳು

ಬಿಡುಗಡೆಗೆ ಮೂರು ತಿಂಗಳು ಇರುವಾಗ ಆಧಾರಿಗೆ ಜೋಡಿಸಿದ ಫೋನ್ ನಂಬರು ಇನ್ನೂ ಚಾಲ್ತಿಯಲ್ಲಿದೆಯೇ, ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿದೆಯೇ, ಪಡಿತರ ಚೀಟಿಯಲ್ಲಿ ಹೆಸರು ಉಳಿದಿದೆಯೇ ನೋಡಿ. ಒಳಗೆ ಕಲಿತ ಕೆಲಸದ ಪ್ರಮಾಣಪತ್ರ, ಬಿಡುಗಡೆ ಪತ್ರ, ಕೂಲಿ ಖಾತೆಯ ಬಾಕಿ ಹಣ ಈ ಮೂರನ್ನು ಗೇಟಿನಿಂದಲೇ ಪಡೆದು ಬರಬೇಕು. ಆಮೇಲೆ ಅಲೆದಾಟ ಜಾಸ್ತಿ. ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಇದೆ. ಒಳಗೆ ಹೊಲಿಗೆ ಕಲಿತವರು ಅಲ್ಲಿ ಮುಂದುವರಿಸಿ ಬ್ಯಾಂಕ್ ಸಾಲಕ್ಕೆ ದಾರಿ ಮಾಡಿಕೊಳ್ಳಬಹುದು.

ಜಾಮೀನಿನ ಮೇಲೆ ಬಂದವರಿಗೆ ಮಾತ್ರ ಒಂದು ಎಚ್ಚರಿಕೆ. ನಮ್ಮ ಕಡೆ ರಾಶಿ ಮುಗಿದ ಕೂಡಲೇ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೊರಡುವುದು ವಾಡಿಕೆ. ಆದೇಶದಲ್ಲಿ "ಜಿಲ್ಲೆ ಬಿಟ್ಟು ಹೋಗಬಾರದು", "ಪ್ರತಿ ಭಾನುವಾರ ಠಾಣೆಗೆ ಸಹಿ" ಎಂದಿದ್ದು, ಹೇಳದೆ ಹೋದರೆ ಜಾಮೀನು ರದ್ದಾಗಿ ವಾರಂಟ್ ಬರುತ್ತದೆ, ಜಾಮೀನು ನಿಂತ ಸೋದರಮಾವನಿಗೂ ನೋಟಿಸು ಹೋಗುತ್ತದೆ. ಹೋಗಲೇಬೇಕಾದರೆ ಕೆಲಸದ ವಿಳಾಸ, ಗುತ್ತಿಗೆದಾರರ ಪತ್ರ ಇಟ್ಟು ಷರತ್ತು ಸಡಿಲಿಸಲು ವಕೀಲರಿಂದ ಅರ್ಜಿ ಹಾಕಿಸಿ. ಆದೇಶ ಕೈಗೆ ಬಂದ ಮೇಲೆ ಅದರ ಒಂದು ನಕಲು ಠಾಣೆಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಆ ಹಾಳೆಯನ್ನೂ ಅದೇ ರಟ್ಟಿನ ಫೈಲಿಗೆ ಸೇರಿಸಿ, ಆಮೇಲೆ ಬಸ್ಸು ಹತ್ತಿ.